ತಟ್ಟೆ ತುಂಬುವುದಾದರೆ ಕೊಳ್ಳಿ: ಮನೆಬಳಕೆಯ ಡಿಹೈಡ್ರೇಟರ್ ಬಗ್ಗೆ ಒಂದು ವಿಮರ್ಶೆ

ಹಣ್ಣು ತರಕಾರಿಗಳನ್ನು ಬಿಸಿಗಾಳಿಯಲ್ಲಿ ಒಣಗಿಸುವ ಡಿಹೈಡ್ರೇಟರ್ ಯಂತ್ರವನ್ನು ಕೊಳ್ಳಬೇಕೋ ಬೇಡವೋ ಎಂದು ಯೋಚಿಸುವವರು ಸಾಮಾನ್ಯವಾಗಿ ತಟ್ಟೆಗಳೆಷ್ಟು, ವ್ಯಾಟ್ ಎಷ್ಟು, ಉಕ್ಕಿನದೋ ಪ್ಲಾಸ್ಟಿಕ್ಕಿನದೋ ಎಂಬಲ್ಲಿಂದ ಹುಡುಕಾಟ ಶುರುಮಾಡುತ್ತಾರೆ. ನಾನೂ ಹಾಗೆಯೇ ಮಾಡಿದ್ದೆ. ಐದು ವರ್ಷಗಳಲ್ಲಿ ಎರಡು ಯಂತ್ರಗಳನ್ನು ಬಳಸಿದ್ದೇನೆ. ಮೊದಲನೆಯದು ತಟ್ಟೆಗಳನ್ನು ಒಂದರ ಮೇಲೊಂದು ಪೇರಿಸುವ ದುಂಡನೆಯ ಸಣ್ಣ ಯಂತ್ರ, ಈಗ ಇರುವುದು ಹಿಂಬದಿಯಲ್ಲಿ ಫ್ಯಾನ್ ಇರುವ ಪೆಟ್ಟಿಗೆಯಂಥದ್ದು. ಇಷ್ಟು ಬಳಕೆಯ ನಂತರ ನನಗೆ ಮನವರಿಕೆಯಾದದ್ದೆಂದರೆ, ಮೊದಲು ಕೇಳಿಕೊಳ್ಳಬೇಕಾದ ಪ್ರಶ್ನೆ ಯಂತ್ರದ್ದಲ್ಲ, ನಮ್ಮ ಅಡುಗೆಮನೆಯದ್ದು. ಎಲ್ಲ ತಟ್ಟೆಗಳೂ ತುಂಬುವಷ್ಟು ಹಣ್ಣೋ ತರಕಾರಿಯೋ ಒಟ್ಟಿಗೆ ನಮ್ಮ ಮನೆಗೆ ವರ್ಷದಲ್ಲಿ ಎಷ್ಟು ಸಲ ಬರುತ್ತದೆ? ಒಣಗಿಸಿ ಇಟ್ಟದ್ದನ್ನು ಮನೆಯವರು ನಿಜವಾಗಿ ತಿಂದು ಮುಗಿಸುತ್ತಾರೆಯೇ?

ಈ ಪ್ರಶ್ನೆ ಏಕೆ ಮುಖ್ಯ ಎಂಬುದು ಯಂತ್ರ ಕೆಲಸಮಾಡುವ ರೀತಿಯಲ್ಲೇ ಇದೆ. ಒಂದು ಬಿಸಿಸುರುಳಿ, ಒಂದು ಫ್ಯಾನ್, ಉಷ್ಣಾಂಶವನ್ನು ಹತೋಟಿಯಲ್ಲಿಡುವ ಥರ್ಮೋಸ್ಟಾಟ್, ಜಾಲರಿಯಂಥ ತಟ್ಟೆಗಳು: ಇದರಲ್ಲಿ ಇರುವುದು ಇಷ್ಟೇ. ಬಿಸಿಯಾದ ಒಣಗಾಳಿ ಹೋಳುಗಳ ಮೇಲೆ ಹಾದು, ಅವುಗಳ ತೇವವನ್ನು ಹೊತ್ತು ಹೊರಗೆ ಹೋಗುತ್ತದೆ. ಒಂದು ಕಿಲೋ ನೀರನ್ನು ಆವಿಯಾಗಿಸಲು ತಾತ್ವಿಕವಾಗಿ ಸುಮಾರು 0.65 ಯೂನಿಟ್ ವಿದ್ಯುತ್ ಸಾಕು. ಒಂದು ಕಿಲೋ ಸೇಬಿನ ಹೋಳುಗಳಿಂದ ಹೋಗಬೇಕಾದ ನೀರು ಎಂಟುನೂರು ಗ್ರಾಮಿಗಿಂತ ಸ್ವಲ್ಪ ಹೆಚ್ಚಿರುವುದರಿಂದ ಲೆಕ್ಕದ ಪ್ರಕಾರ ಅದಕ್ಕೆ ಅರ್ಧ ಯೂನಿಟ್ಟಿನಷ್ಟೇ ಸಾಕಾಗಬೇಕು. ಆದರೆ 400 ವ್ಯಾಟಿನ ಯಂತ್ರ ಹತ್ತು ಗಂಟೆ ಓಡಿದರೆ ಗರಿಷ್ಠ 4 ಯೂನಿಟ್ ಆಗುತ್ತದೆ. ಥರ್ಮೋಸ್ಟಾಟ್ ಆಗಾಗ ಬಿಸಿಸುರುಳಿಯನ್ನು ನಿಲ್ಲಿಸುವುದರಿಂದ ನಿಜವಾದ ಖರ್ಚು ಅದಕ್ಕಿಂತ ಕಡಿಮೆಯಾದರೂ, ಶಾಖದ ದೊಡ್ಡ ಪಾಲು ಹೊರಹೋಗುವ ಗಾಳಿಯ ಜೊತೆಯಲ್ಲೇ ಹೊರಟುಹೋಗುತ್ತದೆ. ಈ ನಷ್ಟ ತಟ್ಟೆ ತುಂಬಿದ್ದರೂ ಖಾಲಿಯಿದ್ದರೂ ಹೆಚ್ಚುಕಡಿಮೆ ಒಂದೇ. ಎರಡು ಸೇಬು, ಒಂದು ಬಾಳೆಹಣ್ಣು ಹರಡಿ ರಾತ್ರಿಯಿಡೀ ಓಡಿಸುವವರು ಗಾಳಿಯನ್ನು ಬಿಸಿಮಾಡಲು ಹಣ ಕೊಡುತ್ತಿದ್ದಾರೆ, ಹಣ್ಣು ಒಣಗಿಸಲು ಅಲ್ಲ.

ತಟ್ಟೆ ತುಂಬುವುದಕ್ಕೆ ಎಷ್ಟು ಬೇಕು ಎಂಬುದನ್ನು ಕೊಳ್ಳುವ ಮೊದಲೇ ಅಂದಾಜು ಮಾಡಬಹುದು. ಐದು ಮಿಲಿಮೀಟರ್ ದಪ್ಪಕ್ಕೆ ಹೆಚ್ಚಿದ ಒಂದು ಕಿಲೋ ಸೇಬು, ಹೋಳಿಗೆ ಹೋಳು ತಾಗದಂತೆ ಹರಡಿದರೆ, ಸುಮಾರು ಮೂರು ಸಾವಿರ ಚದರ ಸೆಂಟಿಮೀಟರ್ ಜಾಗ ಹಿಡಿಯುತ್ತದೆ. ಮೂವತ್ತು ಸೆಂಟಿಮೀಟರ್ ಅಗಲದ, ನಡುವೆ ಗಾಳಿಯ ತೂತಿರುವ ದುಂಡು ತಟ್ಟೆಯಲ್ಲಿ ಬಳಕೆಗೆ ಸಿಗುವುದು ಆರುನೂರು ಚದರ ಸೆಂಟಿಮೀಟರ್‌ಗಿಂತ ಸ್ವಲ್ಪ ಹೆಚ್ಚು. ಅಂದರೆ ಐದು ತಟ್ಟೆಯ ಸಣ್ಣ ಯಂತ್ರಕ್ಕೆ ಒಂದು ಕಿಲೋ. ಮೂವತ್ತೈದು ಸೆಂಟಿಮೀಟರ್ ಉದ್ದಗಲದ ಚೌಕ ತಟ್ಟೆಗಳು ಆರಿದ್ದರೆ ಎರಡೂವರೆ ಕಿಲೋ ಹತ್ತಿರ ಹಿಡಿಯುತ್ತದೆ. ಜಾಹೀರಾತಿನಲ್ಲಿ ತಟ್ಟೆಗಳ ಸಂಖ್ಯೆಯನ್ನು ದೊಡ್ಡದಾಗಿ ಬರೆದಿರುತ್ತಾರೆ, ವಿಸ್ತೀರ್ಣವನ್ನು ಬರೆದಿರುವುದಿಲ್ಲ. ತಟ್ಟೆಯ ಅಳತೆಯನ್ನು ಹುಡುಕಿ, ಗುಣಿಸಿ, ನಿಮ್ಮ ಮನೆಗೆ ಒಂದೇ ಸಲಕ್ಕೆ ಬರುವ ಹಣ್ಣಿನ ತೂಕದ ಪಕ್ಕದಲ್ಲಿ ಇಟ್ಟು ನೋಡಿ. ಹಿತ್ತಲಲ್ಲಿ ಫಲ ಬಿಡುವ ಮರವೊಂದಿದ್ದರೆ, ಸುಗ್ಗಿಯಲ್ಲಿ ಬುಟ್ಟಿಗಟ್ಟಲೆ ಕೊಳ್ಳುವ ಅಭ್ಯಾಸವಿದ್ದರೆ, ಈ ಲೆಕ್ಕ ತಾನಾಗಿ ಯಂತ್ರದ ಪರವಾಗಿ ಬರುತ್ತದೆ. ವಾರದ ಸಂತೆಯಲ್ಲಿ ಆ ವಾರಕ್ಕೆ ಬೇಕಾದಷ್ಟನ್ನೇ ತರುವ ಮನೆಯಲ್ಲಿ ಅದು ಬರುವುದು ಕಷ್ಟ.

ಇನ್ನೊಂದು ಲೆಕ್ಕ ಹೊಸಬರಿಗೆ ಆಘಾತವನ್ನೇ ಕೊಡುತ್ತದೆ. ಟೊಮೆಟೊದಲ್ಲಿ ನೂರಕ್ಕೆ 94–95 ಭಾಗ ನೀರು. ಒಂದು ಕಿಲೋ ಟೊಮೆಟೊವನ್ನು ತರಕಾರಿಗೆ ತಕ್ಕಂತೆ ಶೇಕಡ 10ರ ತೇವಾಂಶಕ್ಕೆ ಇಳಿಸಿದರೆ ಕೊನೆಯಲ್ಲಿ ಕೈಗೆ ಬರುವುದು ಅರವತ್ತು ಗ್ರಾಮಿನ ಆಸುಪಾಸು. ಸೇಬಿನಲ್ಲಿ ನೀರು ಶೇಕಡ 85. ಹಣ್ಣುಗಳನ್ನು ಶೇಕಡ 20ರ ತೇವಾಂಶದಲ್ಲಿ ನಿಲ್ಲಿಸಬಹುದಾದ್ದರಿಂದ ಕಿಲೋಗೆ 185 ಗ್ರಾಮಿನಷ್ಟು ಉಳಿಯುತ್ತದೆ. ಸುಲಿದ ಬಾಳೆಹಣ್ಣಾದರೆ ಮುನ್ನೂರು ಗ್ರಾಮ್ ದಾಟುತ್ತದೆ. ಈ ಸಂಖ್ಯೆಗಳನ್ನು ನಾನು ಯಂತ್ರವನ್ನು ಹೀಗಳೆಯಲು ಹೇಳುತ್ತಿಲ್ಲ. ಆ ಅರವತ್ತು ಗ್ರಾಮಿನಲ್ಲಿ ಇಡೀ ಒಂದು ಕಿಲೋ ಹಣ್ಣಿನ ರುಚಿ ಇರುತ್ತದೆ, ಅದನ್ನು ಪುಡಿಮಾಡಿ ಒಂದು ಚಮಚ ಸಾರಿಗೆ ಹಾಕಿದಾಗ ಆಗುವ ಸಂತೋಷ ಸಣ್ಣದಲ್ಲ. ಆದರೆ ಅಂಗಡಿಯಲ್ಲಿ ಪೂರ್ತಿ ಬೆಲೆ ಕೊಟ್ಟು ಟೊಮೆಟೊ ತಂದು ಒಣಗಿಸಿ ಹಣ ಉಳಿಸುತ್ತೇನೆ ಎಂಬ ಲೆಕ್ಕಾಚಾರ ಬಹುತೇಕ ಸಂದರ್ಭಗಳಲ್ಲಿ ನಿಲ್ಲುವುದಿಲ್ಲ. ಹೆಚ್ಚಾಗಿ ಬೆಳೆದದ್ದು, ಅಗ್ಗವಾಗಿ ಸಿಕ್ಕಿದ್ದು, ಇಲ್ಲವಾದರೆ ಕೊಳೆತುಹೋಗಲಿದ್ದದ್ದು: ಉಳಿತಾಯ ಇರುವುದು ಇವುಗಳಲ್ಲಿ.

ಯಂತ್ರವಿಲ್ಲದೆ ಆಗುವುದಿಲ್ಲವೇ ಎಂದು ಕೇಳಿದರೆ, ಕೆಲವೊಮ್ಮೆ ಚೆನ್ನಾಗಿಯೇ ಆಗುತ್ತದೆ. ಬಿಸಿಲಿಗೆ ಖರ್ಚಿಲ್ಲ. ಆದರೆ ಹಣ್ಣನ್ನು ಬಿಸಿಲಲ್ಲಿ ಸುರಕ್ಷಿತವಾಗಿ ಒಣಗಿಸಲು ಹಗಲಿನ ಉಷ್ಣಾಂಶ ಕನಿಷ್ಠ 30 ಡಿಗ್ರಿ ಸೆಲ್ಸಿಯಸ್ ಇರಬೇಕು, ಗಾಳಿಯ ಆರ್ದ್ರತೆ ಶೇಕಡ 60ಕ್ಕಿಂತ ಕಡಿಮೆಯಿರಬೇಕು, ಇಂಥ ದಿನಗಳು ಒಂದರ ಹಿಂದೊಂದು ಹಲವು ಸಿಗಬೇಕು. ರಾತ್ರಿ ಒಳಗೆ ತರಬೇಕು, ನೊಣ ಹಕ್ಕಿಗಳಿಂದ ಕಾಯಬೇಕು, ಕೊನೆಗೆ ಕೀಟಗಳ ಮೊಟ್ಟೆ ಉಳಿಯದಂತೆ ಮೈನಸ್ 18 ಡಿಗ್ರಿಯ ಫ್ರೀಜರಿನಲ್ಲಿ ಎರಡು ದಿನ ಇಡಬೇಕು. ತರಕಾರಿಗಳಲ್ಲಿ ಸಕ್ಕರೆಯೂ ಹುಳಿಯೂ ಕಡಿಮೆಯಾದ್ದರಿಂದ ನಿಧಾನವಾಗಿ ಒಣಗುವಾಗ ಅವು ಕೆಡುವ ಸಂಭವ ಹಣ್ಣಿಗಿಂತ ಹೆಚ್ಚು. ಬಿಸಿಲು ಚೆನ್ನಾಗಿರುವ ಒಣ ಹವೆಯ ಊರುಗಳಲ್ಲಿರುವವರು ಹಣ್ಣಿಗಾಗಿ ಮಾತ್ರ ಯಂತ್ರ ಕೊಳ್ಳುವ ಅಗತ್ಯವನ್ನು ನಾನು ಕಾಣೆ. ಹಣ್ಣು ಬರುವ ಕಾಲವೂ ಮೋಡ ಕವಿಯುವ ಕಾಲವೂ ಒಂದೇ ಆಗಿರುವ ಕಡೆ ಮಾತು ಬೇರೆ. ಯಂತ್ರದ ನಿಜವಾದ ಬೆಲೆ ತಿಳಿಯುವುದು ಅಲ್ಲಿಯೇ.

ಓವನ್ ಇರುವವರು ಮೊದಲು ಅದರಲ್ಲೇ ಒಂದೆರಡು ಸಲ ಮಾಡಿ ನೋಡುವುದು ಒಳ್ಳೆಯದು. ಓವನ್ನಿನ ತೊಂದರೆ ಎರಡು. ಅನೇಕ ಓವನ್ನುಗಳ ಅತಿ ಕಡಿಮೆ ಉಷ್ಣಾಂಶವೇ ಒಣಗಿಸಲು ಹೆಚ್ಚಾಗುತ್ತದೆ, ಗಾಳಿಯ ಓಡಾಟ ಸಾಲದೆ ತೇವ ಒಳಗೇ ನಿಲ್ಲುತ್ತದೆ. ಬಾಗಿಲನ್ನು ಸ್ವಲ್ಪ ತೆರೆದಿಟ್ಟರೂ ಡಿಹೈಡ್ರೇಟರಿಗಿಂತ ಎರಡು ಮೂರು ಪಟ್ಟು ಹೊತ್ತು ಹಿಡಿಯಬಹುದು. ಹಾಗಿದ್ದೂ ನಾನು ಇದನ್ನು ಶಿಫಾರಸು ಮಾಡುವುದು ಫಲಿತಾಂಶಕ್ಕಾಗಿ ಅಲ್ಲ, ಅಭ್ಯಾಸದ ಪರೀಕ್ಷೆಗಾಗಿ. ಹೆಚ್ಚುವುದು, ಹರಡುವುದು, ಕಾಯುವುದು, ಡಬ್ಬಿಗೆ ತುಂಬುವುದು, ಆಮೇಲೆ ನೆನಪಿಟ್ಟು ತಿನ್ನುವುದು, ಇಷ್ಟೂ ನಿಮಗೆ ಹಿಡಿಸುತ್ತದೆಯೇ ಎಂಬುದು ಒಂದು ತಿಂಗಳಲ್ಲಿ ಗೊತ್ತಾಗುತ್ತದೆ. ಏರ್ ಫ್ರೈಯರುಗಳಲ್ಲಿ ಈಗ ಒಣಗಿಸುವ ಗುಂಡಿಯೂ ಬರುತ್ತಿದೆ. ಒಂದು ಹಿಡಿ ಪುದೀನಕ್ಕೋ ಒಂದು ಸೇಬಿಗೋ ಅದು ಸಾಕು, ಸುಗ್ಗಿಗೆ ಸಾಲದು. ಮೈಕ್ರೋವೇವ್ ಸೊಪ್ಪು ಒಣಗಿಸಲು ಸರಿ, ಹಣ್ಣಿಗೆ ಬೇಡ. ಫ್ರೀಜ್ ಡ್ರೈಯರ್ ಎಂಬುದನ್ನು ಇದರ ಜೊತೆ ಹೋಲಿಸಬಾರದು. ಆಹಾರವನ್ನು ಹೆಪ್ಪುಗಟ್ಟಿಸಿ ನಿರ್ವಾತದಲ್ಲಿ ಮಂಜನ್ನೇ ನೇರವಾಗಿ ಆವಿಯಾಗಿಸುವ ಆ ಯಂತ್ರದ ಗಾತ್ರ, ಬೆಲೆ, ಫಲ ಮೂರೂ ಬೇರೆ.

ಇನ್ನು ಯಂತ್ರಗಳ ವಿಚಾರ. ಪೇರಿಸುವ ಬಗೆಯಲ್ಲಿ ಫ್ಯಾನ್ ತಳದಲ್ಲಿಯೋ ಮುಚ್ಚಳದಲ್ಲಿಯೋ ಇದ್ದು ಗಾಳಿ ಲಂಬವಾಗಿ ಹಾದುಹೋಗುತ್ತದೆ. ಫ್ಯಾನಿಗೆ ಹತ್ತಿರದ ತಟ್ಟೆ ಬೇಗ ಒಣಗುತ್ತದೆ, ದೂರದ್ದು ಹಸಿಯಾಗಿಯೇ ಉಳಿಯುತ್ತದೆ. ಆದ್ದರಿಂದ ಎರಡು ಮೂರು ಗಂಟೆಗೊಮ್ಮೆ ತಟ್ಟೆಗಳ ಸ್ಥಾನ ಬದಲಿಸುತ್ತಿರಬೇಕು. ತಳದಲ್ಲಿ ಫ್ಯಾನ್ ಇದ್ದರೆ ರಸಭರಿತ ಹಣ್ಣಿನ ಹನಿ ನೇರವಾಗಿ ಅದರ ಮೇಲೆ ಬೀಳುತ್ತದೆ. ಒಂದು ತಟ್ಟೆಯ ವಾಸನೆ ಇನ್ನೊಂದಕ್ಕೆ ಹತ್ತುತ್ತದೆ. ಈರುಳ್ಳಿಯ ಜೊತೆ ಬಾಳೆಹಣ್ಣು ಇಟ್ಟು ಎರಡನ್ನೂ ಕೆಡಿಸಿಕೊಂಡ ಅನುಭವ ನನಗಿದೆ. ಹೀಗೆಂದು ಈ ಬಗೆಯನ್ನು ತಳ್ಳಿಹಾಕಬೇಕಿಲ್ಲ. ಬೆಲೆ ಕಡಿಮೆ, ಜಾಗ ಕಡಿಮೆ ಸಾಕು, ಬೇಕೆಂದಾಗ ತಟ್ಟೆ ಸೇರಿಸಬಹುದು ಅಥವಾ ತೆಗೆಯಬಹುದು. ಸೇಬು, ಅಣಬೆ, ಸೊಪ್ಪು ಇಂಥವನ್ನು ಒಂದು ಸಲಕ್ಕೆ ಒಂದೊಂದೇ ಬಗೆಯಾಗಿ ಒಣಗಿಸುವವರಿಗೆ ಇದು ಚೆನ್ನಾಗಿಯೇ ನಡೆಯುತ್ತದೆ.

ಪೆಟ್ಟಿಗೆಯಂಥ ಯಂತ್ರದಲ್ಲಿ ಫ್ಯಾನ್ ಹಿಂಬದಿಯಲ್ಲಿದ್ದು ಗಾಳಿ ಎಲ್ಲ ತಟ್ಟೆಗಳ ಮೇಲೂ ಅಡ್ಡವಾಗಿ ಹರಿಯುತ್ತದೆ. ಒಣಗುವುದು ಹೆಚ್ಚು ಸಮನಾಗಿರುತ್ತದೆ, ವಾಸನೆಗಳು ಬೆರೆಯುವುದು ಕಡಿಮೆ, ನಡುವಿನ ತಟ್ಟೆಗಳನ್ನು ತೆಗೆದು ಎತ್ತರದ ಪಾತ್ರೆ ಇಡಬಹುದು. ಆದರೆ ಅಡುಗೆಮನೆಯ ಕಟ್ಟೆಯ ಮೇಲೆ ಅದು ಓವನ್ನಿನಷ್ಟೇ ಜಾಗ ಕೇಳುತ್ತದೆ, ಹಿಂದೆ ಗಾಳಿಯಾಡಲು ಒಂದು ಗೇಣು ಬಿಡಬೇಕು, ಬಳಸದ ದಿನಗಳಲ್ಲಿ ಎತ್ತಿಡುವುದು ಸುಲಭವಲ್ಲ. ಎತ್ತಿಡಲಾಗದ ಯಂತ್ರ ಕಣ್ಣೆದುರೇ ಇರುತ್ತದೆ, ಅದರಿಂದ ಬಳಕೆ ಹೆಚ್ಚುತ್ತದೆ ಎಂಬುದು ನನ್ನ ಮನೆಯಲ್ಲಿ ಆದದ್ದು. ಕಟ್ಟೆಯಲ್ಲಿ ಜಾಗವೇ ಇಲ್ಲದ ಮನೆಗಳಲ್ಲಿ ಅದು ಅಟ್ಟ ಸೇರಿ ಅಲ್ಲಿಯೇ ಉಳಿಯುವ ಸಂಭವವೂ ಅಷ್ಟೇ ಇದೆ. ಎರಡೂ ಬಗೆಯಲ್ಲಿ ಫ್ಯಾನಿನ ಸದ್ದು ಗಂಟೆಗಟ್ಟಲೆ ಇರುತ್ತದೆ. ಅಡುಗೆಮನೆಯ ಪಕ್ಕದಲ್ಲೇ ಮಲಗುವವರು ಇದನ್ನು ಸಣ್ಣ ವಿಷಯವೆಂದು ಬಿಡಬಾರದು.

ಹಣ ಎಲ್ಲಿ ಉಳಿಸಬಾರದು ಎಂದು ಕೇಳಿದರೆ ನನ್ನ ಉತ್ತರ ಒಂದೇ: ಥರ್ಮೋಸ್ಟಾಟಿನಲ್ಲಿ. ನನ್ನ ಮೊದಲ ಯಂತ್ರಕ್ಕೆ ಅದು ಇರಲಿಲ್ಲ, ಒಂದು ಸ್ವಿಚ್ ಮಾತ್ರ ಇತ್ತು. ಸೊಪ್ಪುಗಳಿಗೆ 35 ಡಿಗ್ರಿಯ ಸುಮಾರಿನ ಮೆಲುಬಿಸಿ ಬೇಕು, ಇಲ್ಲದಿದ್ದರೆ ಅವುಗಳ ಪರಿಮಳದ ಎಣ್ಣೆ ಹಾರಿಹೋಗುತ್ತದೆ. ತರಕಾರಿಗೆ 52, ಹಣ್ಣಿಗೆ 57 ಡಿಗ್ರಿ ಎಂಬುದು ಬಹಳ ಕಾಲದಿಂದ ಬಳಕೆಯಲ್ಲಿರುವ ಅಳತೆ. ಬೇಗ ಮುಗಿಯಲೆಂದು ಬಿಸಿ ಏರಿಸಿದರೆ ಹೋಳಿನ ಹೊರಮೈ ಗಟ್ಟಿಯಾಗಿ ಸಿಪ್ಪೆಗಟ್ಟುತ್ತದೆ, ಒಳಗಿನ ತೇವಕ್ಕೆ ಹೊರಬರಲು ದಾರಿಯಿಲ್ಲದಂತಾಗುತ್ತದೆ. ಮುಟ್ಟಿದರೆ ಒಣಗಿದಂತೆಯೇ ಕಾಣುವ ಈ ಹೋಳುಗಳು ಡಬ್ಬಿಯಲ್ಲಿ ಎರಡು ವಾರ ಕಳೆಯುವಷ್ಟರಲ್ಲಿ ಬೂಷ್ಟು ಹಿಡಿಯುತ್ತವೆ. ನಾನು ಹೀಗೆ ಎರಡು ಡಬ್ಬಿ ಸೇಬು ಎಸೆದ ಮೇಲೆಯೇ ಆ ಯಂತ್ರವನ್ನು ಬದಲಿಸಿದ್ದು. ಟೈಮರ್ ಇದ್ದರೆ ಅನುಕೂಲ, ಆದರೆ ಅನಿವಾರ್ಯವಲ್ಲ; ಹೊರಗೆ ಸಿಗುವ ಪ್ಲಗ್ ಟೈಮರ್ ಅದೇ ಕೆಲಸ ಮಾಡುತ್ತದೆ, ಯಂತ್ರದ ವ್ಯಾಟನ್ನು ಅದು ತಡೆಯಬಲ್ಲದೇ ಎಂದು ನೋಡಿಕೊಂಡರೆ ಸಾಕು. ಉಕ್ಕಿನ ತಟ್ಟೆ ಬಾಳಿಕೆ ಬರುತ್ತದೆ, ಕಲೆ ಹಿಡಿಯುವುದಿಲ್ಲ, ತೊಳೆಯಲು ಸುಲಭ. ಪ್ಲಾಸ್ಟಿಕ್ ತಟ್ಟೆಗಳು ಹಗುರ, ವರ್ಷಗಳ ಬಿಸಿಯಲ್ಲಿ ಅಂಚು ಬಿರುಕು ಬಿಡುತ್ತವೆ. ಬಿಡಿ ತಟ್ಟೆ ಕೊಳ್ಳಲು ಸಿಗುತ್ತದೆಯೇ ಎಂದು ಮೊದಲೇ ವಿಚಾರಿಸಬೇಕು.

ಮಾಂಸ ಒಣಗಿಸುವ ಉದ್ದೇಶವಿರುವವರು ಇನ್ನೂ ಒಂದು ಹೆಜ್ಜೆ ಎಚ್ಚರವಾಗಿರಬೇಕು. ಅಮೆರಿಕದ ಕೃಷಿ ಇಲಾಖೆ ಹೇಳುವಂತೆ, ಒಣಗಿಸುವ ಮುನ್ನವೇ ಮಾಂಸವನ್ನು 71 ಡಿಗ್ರಿ ಸೆಲ್ಸಿಯಸ್‌ಗೆ, ಕೋಳಿಯನ್ನು 74 ಡಿಗ್ರಿಗೆ ಬಿಸಿಮಾಡಿರಬೇಕು, ನಂತರ ಒಣಗುವ ಉದ್ದಕ್ಕೂ 54ರಿಂದ 60 ಡಿಗ್ರಿಯನ್ನು ಕಾಯ್ದುಕೊಳ್ಳಬೇಕು. ಕಾರಣ ತಿಳಿದರೆ ಈ ಎಚ್ಚರಿಕೆ ಅತಿಯೆನಿಸುವುದಿಲ್ಲ. ಹಸಿ ಮಾಂಸ ಯಂತ್ರದಲ್ಲಿರುವಾಗ ಆವಿಯಾಗುವ ನೀರು ಅದನ್ನು ತಂಪಾಗಿಡುತ್ತದೆ. ಗಾಳಿ ಎಷ್ಟು ಬಿಸಿಯಿದೆಯೋ ಮಾಂಸ ಅಷ್ಟು ಬಿಸಿಯಾಗುವುದಿಲ್ಲ. ಅಷ್ಟರಲ್ಲಿ ಮೇಲಿನ ತೇವ ಹೋಗಿಬಿಟ್ಟರೆ ಬ್ಯಾಕ್ಟೀರಿಯಾಗಳು ಒಣ ಸ್ಥಿತಿಯಲ್ಲಿ ಶಾಖವನ್ನು ಹೆಚ್ಚು ತಾಳಿಕೊಳ್ಳುತ್ತವೆ. ಥರ್ಮೋಸ್ಟಾಟ್ ಇಲ್ಲದ, ಅಥವಾ 70 ಡಿಗ್ರಿ ಮುಟ್ಟಲಾರದ ಯಂತ್ರವನ್ನು ಮಾಂಸಕ್ಕೆ ಬಳಸಲೇಬಾರದು ಎಂಬುದು ನನ್ನ ಖಚಿತ ಅಭಿಪ್ರಾಯ. ಕೊಬ್ಬು ಒಣಗುವ ವಸ್ತುವಲ್ಲ, ಕಮಟುವ ವಸ್ತು. ಕೊಬ್ಬಿನ ಮಾಂಸ, ಬೆಣ್ಣೆಹಣ್ಣು, ಹಾಲಿನ ಪದಾರ್ಥ, ಮೊಟ್ಟೆ ಇವನ್ನು ಮನೆಯ ಯಂತ್ರದಿಂದ ದೂರವಿಡುವುದೇ ಲೇಸು.

ಜಾಹೀರಾತುಗಳು ಮರೆಮಾಚುವ ಸಂಗತಿಯೆಂದರೆ ಮಾನವಶ್ರಮ. ಗುಂಡಿ ಒತ್ತಿದ ಮೇಲೆ ಯಂತ್ರ ತನ್ನ ಕೆಲಸ ಮಾಡಿಕೊಳ್ಳುತ್ತದೆ, ನಿಜ. ಅದಕ್ಕೆ ಮೊದಲು ಎರಡೂವರೆ ಕಿಲೋ ಸೇಬನ್ನು ತೊಳೆದು, ನಡುವಿನ ದಿಂಡು ತೆಗೆದು, ಒಂದೇ ದಪ್ಪಕ್ಕೆ ಹೆಚ್ಚಿ, ಕಂದಾಗದಂತೆ ನಿಂಬೆರಸ ಬೆರೆಸಿದ ನೀರಿನಲ್ಲಿ ಅದ್ದಿ, ಒರೆಸಿ, ತಟ್ಟೆಗಳಲ್ಲಿ ಜೋಡಿಸುವಷ್ಟರಲ್ಲಿ ನನಗೆ ಒಂದು ಗಂಟೆಯಾಗುತ್ತದೆ. ಕ್ಯಾರೆಟ್, ಹುರುಳಿಕಾಯಿಯಂಥ ತರಕಾರಿಗಳನ್ನು ಕುದಿಯುವ ನೀರಿನಲ್ಲೋ ಹಬೆಯಲ್ಲೋ ಕೆಲವು ನಿಮಿಷ ಇಟ್ಟು ತೆಗೆಯಬೇಕು. ಕಿಣ್ವಗಳ ಕೆಲಸ ಅಲ್ಲಿಗೆ ನಿಲ್ಲದಿದ್ದರೆ ಒಣಗಿದ ಮೇಲೂ ಬಣ್ಣ ಮತ್ತು ರುಚಿ ಕೆಡುತ್ತಾ ಹೋಗುತ್ತವೆ. ಈರುಳ್ಳಿ, ಅಣಬೆಗೆ ಇದು ಬೇಡ. ಒಂದೇ ದಪ್ಪ ಎಂಬುದನ್ನು ನಾನು ಒತ್ತಿ ಹೇಳುತ್ತೇನೆ. ಮೇಲಿನ ತೇವ ಹೋದ ಮೇಲೆ ಒಳಗಿನ ನೀರು ಹೋಳಿನ ಮೂಲಕ ಸರಿದು ಬರಬೇಕಾದ್ದರಿಂದ, ದಪ್ಪ ಇಮ್ಮಡಿಯಾದರೆ ಆ ಹಂತದ ಸಮಯ ನಾಲ್ಮಡಿಯ ತನಕ ಬೆಳೆಯಬಹುದು. ಕೈಯಿಂದ ಹೆಚ್ಚುವಾಗ ಮೂರು ಮಿಲಿಮೀಟರಿನ ಹೋಳೂ ಆರು ಮಿಲಿಮೀಟರಿನ ಹೋಳೂ ಒಂದೇ ತಟ್ಟೆಯಲ್ಲಿ ಸೇರಿದರೆ ಒಂದು ಹಪ್ಪಳದಂತೆ ಮುರಿಯುವಾಗ ಇನ್ನೊಂದು ಹಸಿಯಾಗಿರುತ್ತದೆ. ಆದ್ದರಿಂದ ಯಂತ್ರದ ಜೊತೆಗೆ ಒಳ್ಳೆಯ ತುರಿಯುವ ಮಣೆಯಂಥ ಸ್ಲೈಸರ್ ಒಂದಕ್ಕೂ ಹಣ ತೆಗೆದಿಡಿ, ಬೆರಳು ಕಾಯುವ ಹಿಡಿಕೆ ಇರುವುದನ್ನೇ ತೆಗೆದುಕೊಳ್ಳಿ. ದುಬಾರಿ ಯಂತ್ರ ಮತ್ತು ಮೊಂಡು ಚಾಕುವಿಗಿಂತ ಸಾಧಾರಣ ಯಂತ್ರ ಮತ್ತು ಒಳ್ಳೆಯ ಸ್ಲೈಸರ್ ಮೇಲು.

ಕೆಲಸ ಅಲ್ಲಿಗೂ ಮುಗಿಯುವುದಿಲ್ಲ. ಹಣ್ಣು ಚರ್ಮದಂತೆ ಬಾಗಬೇಕು, ಹಿಂಡಿದರೆ ತೇವ ಕಾಣಬಾರದು. ತರಕಾರಿ ಗರಿಗರಿಯಾಗಿ ಮುರಿಯಬೇಕು. ಬಿಸಿ ಆರಿದ ಮೇಲೆಯೇ ಇದನ್ನು ಪರೀಕ್ಷಿಸಬೇಕು, ಬಿಸಿಯಿರುವಾಗ ಎಲ್ಲವೂ ಮೆತ್ತಗಿರುತ್ತವೆ. ನಂತರ ಹಣ್ಣುಗಳನ್ನು ಗಾಜಿನ ಜಾಡಿಯಲ್ಲಿ ಮೂರನೇ ಎರಡು ಭಾಗ ತುಂಬಿ, ಮುಚ್ಚಿ, ಏಳರಿಂದ ಹತ್ತು ದಿನ ದಿನಕ್ಕೊಮ್ಮೆ ಅಲುಗಿಸಬೇಕು. ಹೆಚ್ಚು ತೇವ ಉಳಿದ ಹೋಳಿನಿಂದ ಕಡಿಮೆ ತೇವದ ಹೋಳಿಗೆ ತೇವ ಹಂಚಿಹೋಗುವುದು ಆಗಲೇ. ಜಾಡಿಯ ಒಳಮೈಯಲ್ಲಿ ಹನಿ ಕಂಡರೆ ಹೋಳುಗಳು ಮತ್ತೆ ಯಂತ್ರಕ್ಕೆ ಹೋಗಬೇಕು. ಒಣಗಿದ ಹಣ್ಣು 15 ಡಿಗ್ರಿಯ ತಂಪಿನಲ್ಲಿ ಒಂದು ವರ್ಷ ಉಳಿದರೆ 27 ಡಿಗ್ರಿಯಲ್ಲಿ ಆರು ತಿಂಗಳು ಉಳಿಯುತ್ತದೆ, ತರಕಾರಿ ಸುಮಾರು ಅದರ ಅರ್ಧ. ಸೆಕೆಯ ಊರಿನಲ್ಲಿ ಇರುವವರು ವರ್ಷಗಟ್ಟಲೆ ಕೆಡುವುದಿಲ್ಲ ಎಂಬ ಮಾತನ್ನು ನಂಬಿ ಅಟ್ಟ ತುಂಬಬಾರದು. ನಾರು ಮತ್ತು ಖನಿಜಾಂಶ ಉಳಿಯುತ್ತವೆ, ಸಿ ಜೀವಸತ್ವ ಬಹಳಷ್ಟು ಹೋಗುತ್ತದೆ. ಸಕ್ಕರೆ ಎಲ್ಲಿಗೂ ಹೋಗುವುದಿಲ್ಲ, ಒಂದು ಹಿಡಿಯಲ್ಲಿ ನಾಲ್ಕು ಹಣ್ಣಿನದು ಸೇರಿರುತ್ತದೆ. ಮಕ್ಕಳಿಗೆ ತಿಂಡಿಯ ಬದಲು ಕೊಡುವವರು ಅಳತೆಯಿಟ್ಟು ಕೊಡಬೇಕು.

ನನ್ನ ತೀರ್ಮಾನವನ್ನು ಕೇಳುವವರಿಗೆ ಹೀಗೆ ಹೇಳುತ್ತೇನೆ. ವರ್ಷದಲ್ಲಿ ಹನ್ನೆರಡಕ್ಕೂ ಹೆಚ್ಚು ಸಲ ತಟ್ಟೆ ತುಂಬುವ ನಂಬಿಕೆಯಿದ್ದರೆ ಕೊಳ್ಳಿ. ಪ್ರವಾಸ, ಚಾರಣಕ್ಕೆ ಹಗುರವಾದ ಆಹಾರ ಬೇಕಾದವರು, ಸಕ್ಕರೆಯನ್ನೂ ಸಂರಕ್ಷಕಗಳನ್ನೂ ಸೇರಿಸದ ಒಣಹಣ್ಣನ್ನೇ ತಿನ್ನಬೇಕಾದವರು ಅದಕ್ಕಿಂತ ಕಡಿಮೆ ಬಳಸಿದರೂ ಕೊಳ್ಳಬಹುದು, ಏಕೆಂದರೆ ಅವರಿಗೆ ಬೇಕಾದದ್ದು ಅಂಗಡಿಯಲ್ಲಿ ಸುಲಭವಾಗಿ ಸಿಗುವುದಿಲ್ಲ. ಮೊದಲ ಸಲ ಕೊಳ್ಳುವವರಿಗೆ ಥರ್ಮೋಸ್ಟಾಟ್ ಇರುವ, ಐದಾರು ತಟ್ಟೆಯ, ಮುಚ್ಚಳದಲ್ಲಿ ಫ್ಯಾನ್ ಇರುವ ಪೇರಿಸುವ ಯಂತ್ರ ಸಾಕು. ಹಿತ್ತಲ ಬೆಳೆಯಿರುವವರು, ಮಾಂಸ ಒಣಗಿಸುವವರು ನೇರವಾಗಿ ಪೆಟ್ಟಿಗೆಯ ಬಗೆಗೆ ಹೋಗಲಿ. ಇವೆರಡೂ ಅಲ್ಲದವರು, ಪರಿಚಯದವರಲ್ಲಿ ಯಂತ್ರವಿದ್ದರೆ ಸುಗ್ಗಿಯ ವಾರಕ್ಕೆ ಎರವಲು ತಂದು, ಒಣಗಿಸಿದ್ದರಲ್ಲಿ ಒಂದು ಜಾಡಿ ಅವರಿಗೂ ಕೊಟ್ಟು ಬರಬಹುದು. ಇದು ಓಡುವ ಗಂಟೆಗಳಿಗಿಂತ ಸುಮ್ಮನಿರುವ ತಿಂಗಳುಗಳೇ ಹೆಚ್ಚಿರುವ ಯಂತ್ರ, ಎರವಲಿಗೆ ಹೇಳಿಮಾಡಿಸಿದ್ದು.

ಕೊಂಡು ತಂದವರು ಮೊದಲ ದಿನವೇ ರಟ್ಟಿನ ಪೆಟ್ಟಿಗೆಯನ್ನು ಎಸೆಯಬೇಡಿ. ಯಂತ್ರವನ್ನು ಖಾಲಿಯಾಗಿ 57 ಡಿಗ್ರಿಗೆ ಇಟ್ಟು ಒಂದು ಗಂಟೆ ಓಡಿಸಿ, ಅಡುಗೆಯ ಥರ್ಮಾಮೀಟರನ್ನು ಮೊದಲು ಮೇಲಿನ ತಟ್ಟೆಯಲ್ಲಿ, ಆಮೇಲೆ ಕೆಳಗಿನದರಲ್ಲಿ, ಪೆಟ್ಟಿಗೆಯ ಬಗೆಯಾದರೆ ಹಿಂದೆ ಮತ್ತು ಮುಂದೆ ಇಟ್ಟು ಓದಿಕೊಳ್ಳಿ. ನಾಲ್ಕೈದು ಡಿಗ್ರಿ ಏರುಪೇರು ಸಹಜ. ಹತ್ತು ಡಿಗ್ರಿ ಮೀರಿದ ಅಂತರ ಕಂಡರೆ, ಅಥವಾ ಇಟ್ಟ ಅಂಕಿಯನ್ನು ಅದು ಮುಟ್ಟದೇ ಹೋದರೆ, ಹಿಂತಿರುಗಿಸುವ ಗಡುವು ಮುಗಿಯುವ ಮುನ್ನ ಮರಳಿ ಕೊಟ್ಟು ಬೇರೆಯದನ್ನು ಕೇಳಿ. ಈ ಪರೀಕ್ಷೆಯಲ್ಲಿ ತೇರ್ಗಡೆಯಾದ ಯಂತ್ರದಲ್ಲಿ ಮೊದಲು ಒಣಗಿಸಲು ಸೇಬನ್ನೇ ಆರಿಸಿಕೊಳ್ಳಿ. ಅದು ಹನಿಯುವುದಿಲ್ಲ, ಅಂಟುವುದಿಲ್ಲ, ಯಾವ ಮೂಲೆಯ ಹೋಳು ಹಿಂದುಳಿಯಿತು ಎಂಬುದನ್ನು ಎಂಟು ಹತ್ತು ಗಂಟೆಯಲ್ಲಿ ಸ್ಪಷ್ಟವಾಗಿ ತೋರಿಸಿಕೊಡುತ್ತದೆ.